ನೆಟ್‌ವರ್ಕ್ ಕೇಬಲ್ ಮೂಲಕ ದೀಪ ವ್ಯವಸ್ಥೆ

ನೆಟ್‌ವರ್ಕ್ ಕೇಬಲ್ ಮೂಲಕ ದೀಪ ವ್ಯವಸ್ಥೆ ಎಂದರೆ ಕಂಪ್ಯೂಟರ್ ಜಾಲಕ್ಕಾಗಿ ರೂಪುಗೊಂಡ ಎಂಟು ಎಳೆಗಳ ತಾಮ್ರದ ಕೇಬಲ್‌ನಲ್ಲಿ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತನ್ನು ಹರಿಸಿ ಎಲ್‌ಇಡಿ ದೀಪಗಳನ್ನು ಉರಿಸುವ ವಿಧಾನ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಅಂತರರಾಷ್ಟ್ರೀಯ ಮಾನಕಕ್ಕೆ ಒಳಪಟ್ಟ 'ಪವರ್ ಓವರ್ ಈಥರ್‌ನೆಟ್'. ಇದನ್ನು ಪಿಒಇ ಎಂದು ಕರೆಯುತ್ತಾರೆ. ಇಲ್ಲಿ ಒಂದೇ ಕೇಬಲ್ ವಿದ್ಯುತ್ತನ್ನೂ ಮಾಹಿತಿಯನ್ನೂ ಒಯ್ಯುತ್ತದೆ. ಎರಡನೆಯದು ಮಾಹಿತಿ ರವಾನೆ ಇಲ್ಲದೆ, ಬ್ಯಾಟರಿಯಿಂದ ದೀಪಕ್ಕೆ ವಿದ್ಯುತ್ ಒಯ್ಯಲು ಮಾತ್ರ ಕೇಬಲ್‌ನ ಎಳೆಗಳನ್ನು ಬಳಸುವ ಸರಳ ಜೋಡಣೆ.

ಕಚೇರಿ ಕಟ್ಟಡಗಳಲ್ಲಿ ಮೊದಲ ಬಗೆಯು ಬಳಕೆಗೆ ಬಂದಿದೆ. ಸೌರಫಲಕ ಮತ್ತು ಬ್ಯಾಟರಿ ಇರುವ ಮನೆ, ಕೊಟ್ಟಿಗೆ, ಪಂಪ್ ಕೊಠಡಿ, ಶಾಲೆ ಮೊದಲಾದೆಡೆ ಎರಡನೆಯ ಬಗೆ ಉಪಯುಕ್ತವಾಗಬಲ್ಲದು. ಆದರೆ ಈ ಕೇಬಲ್‌ನ ಎಳೆಗಳು ಮನೆಯ ವೈರಿಂಗ್ ತಂತಿಗಿಂತ ಬಹಳ ತೆಳು. ಆದ್ದರಿಂದ ವಿಧಾನದ ಯಶಸ್ಸು ದೂರ, ವೋಲ್ಟೇಜ್ ಮತ್ತು ದೀಪದ ವ್ಯಾಟ್ ಎಂಬ ಮೂರು ಅಂಶಗಳ ಲೆಕ್ಕವನ್ನು ಅವಲಂಬಿಸಿದೆ. 12 ವೋಲ್ಟ್‌ನಲ್ಲಿ ಮಂಕಾಗುವ ದೀಪವು ಅದೇ ಕೇಬಲ್‌ನಲ್ಲಿ, ಅಷ್ಟೇ ದೂರದಲ್ಲಿ, 48 ವೋಲ್ಟ್‌ನಿಂದ ಪೂರ್ಣವಾಗಿ ಬೆಳಗಬಲ್ಲದು.

## ಹಿನ್ನೆಲೆ

ವಿದ್ಯುದ್ದೀಪಗಳ ಚರಿತ್ರೆಯು ನೇರ ವಿದ್ಯುತ್ತಿನಿಂದಲೇ ಆರಂಭವಾಯಿತೆನ್ನಬಹುದು. 1882ರಲ್ಲಿ ಥಾಮಸ್ ಆಲ್ವಾ ಎಡಿಸನ್ ನ್ಯೂಯಾರ್ಕ್ ನಗರದ ಪರ್ಲ್ ಸ್ಟ್ರೀಟ್‌ನಲ್ಲಿ ಸ್ಥಾಪಿಸಿದ ಕೇಂದ್ರವು ಸುಮಾರು 110 ವೋಲ್ಟ್‌ಗಳ ನೇರ ವಿದ್ಯುತ್ತನ್ನು ಹಂಚುತ್ತಿತ್ತು. ಕಡಿಮೆ ವೋಲ್ಟೇಜಿನಿಂದಾಗಿ ತಂತಿಯಲ್ಲಿನ ನಷ್ಟ ಅಧಿಕವಾಗಿತ್ತು; ಕೇಂದ್ರದ ಸುತ್ತಲಿನ ಅಲ್ಪ ಪ್ರದೇಶಕ್ಕಷ್ಟೇ ವಿದ್ಯುತ್ ತಲಪುತ್ತಿತ್ತು. ವೋಲ್ಟೇಜನ್ನು ಸುಲಭವಾಗಿ ಏರಿಸಿ ಇಳಿಸಬಲ್ಲ ಪರ್ಯಾಯ ವಿದ್ಯುತ್ತು ಈ ತೊಡಕನ್ನು ನಿವಾರಿಸಿತು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು ಅಧಿಕ ವೋಲ್ಟೇಜಿನ ಮಾರ್ಗದಿಂದಲೇ. 1905ರಲ್ಲಿ ಬೆಂಗಳೂರು ನಗರಕ್ಕೆ ವಿದ್ಯುದ್ದೀಪಗಳು ಬಂದವು. ಮುಂದೆ ದೇಶದ ಮನೆಗಳೆಲ್ಲಕ್ಕೂ ಪರ್ಯಾಯ ವಿದ್ಯುತ್ತೇ ರೂಢಿಯಾಯಿತು; ಇಂದು ಮನೆಗೆ ಬರುವ ವೋಲ್ಟೇಜ್ 230.

ಎಲ್‌ಇಡಿ ದೀಪಗಳ ಆಗಮನದೊಡನೆ ನೇರ ವಿದ್ಯುತ್ತಿಗೆ ಮತ್ತೆ ಮಹತ್ವ ಬಂದಿತು. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿ ಬಿಳಿ ಬೆಳಕಿನ ಎಲ್‌ಇಡಿಗೆ ದಾರಿಮಾಡಿಕೊಟ್ಟ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಕರ್ನಾಟಕದಲ್ಲಿ 2015ರಲ್ಲಿ ಆರಂಭವಾದ 'ಹೊಸ ಬೆಳಕು' ಯೋಜನೆಯ ಮೂಲಕ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಮನೆಗೆ ತಲಪಿದವು. ಹಿಂದಿನ 60 ವ್ಯಾಟ್‌ನ ಬುರುಡೆ ಬಲ್ಬಿನ ಬೆಳಕನ್ನು 7ರಿಂದ 9 ವ್ಯಾಟ್‌ಗಳ ಎಲ್‌ಇಡಿ ಕೊಡುತ್ತದೆ. ಬೇಕಾದ ವಿದ್ಯುತ್ತು ಇಷ್ಟು ಕಡಿಮೆಯಾದುದರಿಂದಲೇ ತೆಳು ಎಳೆಗಳ ಕೇಬಲ್ ದೀಪದ ತಂತಿಯಾಗಬಹುದೆಂಬ ಆಲೋಚನೆ ಕಾರ್ಯಸಾಧ್ಯವಾಯಿತು.

ಮಾತನ್ನು ಒಯ್ಯುವ ತಂತಿಯಲ್ಲೇ ವಿದ್ಯುತ್ತನ್ನೂ ಒಯ್ಯುವ ಕ್ರಮ ಹೊಸದಲ್ಲ. ಸ್ಥಿರ ದೂರವಾಣಿಗೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದಲ್ಲಿರುವ 48 ವೋಲ್ಟ್‌ಗಳ ಬ್ಯಾಟರಿಯಿಂದ ಅದೇ ಜೋಡಿ ತಾಮ್ರದ ತಂತಿಯ ಮೂಲಕ ಮನೆಗೆ ಬರುತ್ತದೆ. ಊರಿನಲ್ಲಿ ಕರೆಂಟ್ ಹೋದಾಗಲೂ ಹಳೆಯ ದೂರವಾಣಿಗಳು ಕೆಲಸ ಮಾಡುತ್ತಿದ್ದುದಕ್ಕೆ ಇದೇ ಕಾರಣ. ಪಿಒಇ ವ್ಯವಸ್ಥೆಯೂ ಇದೇ 48 ವೋಲ್ಟ್‌ಗಳ ಆಸುಪಾಸಿನಲ್ಲಿ ಕಾರ್ಯ ನಿರ್ವಹಿಸುತ್ತದೆ.

## ಕೇಬಲ್‌ನ ರಚನೆ

ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ಎಳೆಗಳಿರುತ್ತವೆ. ಅವನ್ನು ಎರಡೆರಡಾಗಿ ಹೊಸೆದು ನಾಲ್ಕು ಜೋಡಿಗಳನ್ನಾಗಿ ಮಾಡಿರುತ್ತಾರೆ. ಜೋಡಿಗಳ ಬಣ್ಣಗಳು ನೀಲಿ, ಕಿತ್ತಳೆ, ಹಸಿರು ಮತ್ತು ಕಂದು. ಪ್ರತಿ ಜೋಡಿಯಲ್ಲಿ ಒಂದು ಎಳೆ ಪೂರ್ಣ ಬಣ್ಣದ್ದು, ಇನ್ನೊಂದು ಅದೇ ಬಣ್ಣದ ಗೆರೆಯುಳ್ಳ ಬಿಳಿಯದು. ಹೊರಗಿನ ಸಂಕೇತಗಳಿಂದ ಉಂಟಾಗುವ ಅಡಚಣೆಯನ್ನು ತಗ್ಗಿಸಲು ಈ ಹೊಸೆತ ನೆರವಾಗುತ್ತದೆ.

ಸಾಮಾನ್ಯ ಕ್ಯಾಟ್ 5ಇ ಕೇಬಲ್‌ನ ಒಂದು ಎಳೆಯ ವ್ಯಾಸ ಸುಮಾರು 0.51 ಮಿಲಿಮೀಟರ್, ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.2 ಚದರ ಮಿಲಿಮೀಟರ್. ಮನೆಯ ದೀಪಗಳ ವೈರಿಂಗ್‌ಗೆ ಬಳಸುವ ತಂತಿ 1 ಅಥವಾ 1.5 ಚದರ ಮಿಲಿಮೀಟರ್ ಇರುತ್ತದೆ. ಅಂದರೆ ನೆಟ್‌ವರ್ಕ್ ಕೇಬಲ್‌ನ ಎಳೆ ಅದರ ಐದನೆಯ ಅಥವಾ ಏಳನೆಯ ಒಂದು ಭಾಗದಷ್ಟು ಮಾತ್ರ. ಶುದ್ಧ ತಾಮ್ರದ ಇಂಥ ಒಂದು ಎಳೆಯ ರೋಧ ಪ್ರತಿ ಮೀಟರಿಗೆ ಸುಮಾರು 0.084 ಓಮ್. ಕ್ಯಾಟ್ 6 ಕೇಬಲ್‌ನ ಎಳೆಗಳು ಸಾಮಾನ್ಯವಾಗಿ ತುಸು ದಪ್ಪವಾಗಿದ್ದು ಅವುಗಳ ರೋಧ ಇದಕ್ಕಿಂತ ಕಡಿಮೆ.

## ಕಾರ್ಯವಿಧಾನ

### ಮಾನಕಬದ್ಧ ವಿಧಾನ

ಪಿಒಇ ವ್ಯವಸ್ಥೆಯಲ್ಲಿ ವಿದ್ಯುತ್ ನೀಡುವ ಸಾಧನವು ಸ್ವಿಚ್ ಅಥವಾ ಇಂಜೆಕ್ಟರ್ ಆಗಿರುತ್ತದೆ. (ಇಲ್ಲಿ ಸ್ವಿಚ್ ಎಂದರೆ ದೀಪದ ಗುಂಡಿಯಲ್ಲ, ಹಲವು ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ.) ಕೇಬಲ್‌ನ ಇನ್ನೊಂದು ತುದಿಯಲ್ಲಿ ಸರಿಯಾದ ಸಾಧನವಿದೆಯೇ ಎಂಬುದನ್ನು ಅದು ಮೊದಲು ಸುಮಾರು 10 ವೋಲ್ಟ್‌ಗಿಂತ ಕಡಿಮೆಯ ಸಂಕೇತದಿಂದ ಪರೀಕ್ಷಿಸುತ್ತದೆ. ಆ ತುದಿಯಲ್ಲಿ ಸುಮಾರು 25 ಕಿಲೋಓಮ್ ರೋಧ ಗೋಚರಿಸಿದರೆ ಮಾತ್ರ ಪೂರ್ಣ ವೋಲ್ಟೇಜನ್ನು ಹರಿಸುತ್ತದೆ. ದೀಪವನ್ನು ಕಳಚಿದೊಡನೆ ವಿದ್ಯುತ್ ನಿಲ್ಲುತ್ತದೆ. ಪಿಒಇ ಇಲ್ಲದ ಕಂಪ್ಯೂಟರನ್ನು ಜೋಡಿಸಿದರೂ ಅದಕ್ಕೆ ಹಾನಿಯಾಗದಿರುವುದು ಈ ಪೂರ್ವಪರೀಕ್ಷೆಯ ಕಾರಣದಿಂದ.

ವಿದ್ಯುತ್ತು ಜೋಡಿಯೊಂದರ ಎರಡೂ ಎಳೆಗಳಲ್ಲಿ ಒಂದೇ ದಿಕ್ಕಿನಲ್ಲಿ ಹರಿದು ಇನ್ನೊಂದು ಜೋಡಿಯ ಮೂಲಕ ಹಿಂದಿರುಗುತ್ತದೆ. ಮಾಹಿತಿಯು ಜೋಡಿಯ ಎರಡು ಎಳೆಗಳ ನಡುವಿನ ವ್ಯತ್ಯಾಸದ ರೂಪದಲ್ಲಿರುವುದರಿಂದ ಎರಡೂ ಪರಸ್ಪರ ಬೆರೆಯುವುದಿಲ್ಲ.

ಈ ವಿಧಾನವನ್ನು ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ ಮೂರು ಹಂತಗಳಲ್ಲಿ ಮಾನಕಗೊಳಿಸಿದೆ:

* 802.3ಎಎಫ್, 2003: ಮೂಲದಲ್ಲಿ 15.4 ವ್ಯಾಟ್, ದೂರದ ತುದಿಯಲ್ಲಿ 12.95 ವ್ಯಾಟ್.
* 802.3ಎಟಿ, 2009: ಮೂಲದಲ್ಲಿ 30 ವ್ಯಾಟ್, ದೂರದ ತುದಿಯಲ್ಲಿ 25.5 ವ್ಯಾಟ್.
* 802.3ಬಿಟಿ, 2018: ನಾಲ್ಕೂ ಜೋಡಿಗಳನ್ನು ಬಳಸಿ ಮೂಲದಲ್ಲಿ 60 ಅಥವಾ 90 ವ್ಯಾಟ್, ದೂರದ ತುದಿಯಲ್ಲಿ ಕ್ರಮವಾಗಿ 51 ಅಥವಾ 71.3 ವ್ಯಾಟ್.

ಎರಡು ತುದಿಗಳ ಅಂಕಿಗಳ ನಡುವಿನ ಅಂತರವು 100 ಮೀಟರ್‌ವರೆಗಿನ ಕೇಬಲ್‌ನಲ್ಲಿ ಶಾಖವಾಗಿ ವ್ಯಯವಾಗಬಹುದಾದ ಗರಿಷ್ಠ ವಿದ್ಯುತ್ತು. ಕೇಬಲ್ ಚಿಕ್ಕದಾದಷ್ಟೂ ಈ ನಷ್ಟ ತಗ್ಗುತ್ತದೆ.

ಪಿಒಇಗಾಗಿಯೇ ತಯಾರಾದ ದೀಪಗಳಲ್ಲದೆ ಸಾಮಾನ್ಯ 12 ವೋಲ್ಟ್ ದೀಪಗಳನ್ನೂ ಸ್ಪ್ಲಿಟರ್ ಎಂಬ ಚಿಕ್ಕ ಸಾಧನದ ನೆರವಿನಿಂದ ಉರಿಸಬಹುದು. ಸಿಸಿಟಿವಿ ಕ್ಯಾಮೆರಾಗಳ ಜೋಡಣೆಯಲ್ಲಿ ಬಳಕೆಯಲ್ಲಿರುವ ಈ ಸಾಧನವು 48 ವೋಲ್ಟನ್ನು ಕೇಬಲ್‌ನ ತುದಿಯಲ್ಲಿ 12 ವೋಲ್ಟ್‌ಗೆ ಇಳಿಸಿಕೊಡುತ್ತದೆ.

### ಸರಳ ಜೋಡಣೆ

ಇಲ್ಲಿ ಯಾವ ಪೂರ್ವಪರೀಕ್ಷೆಯೂ ಇಲ್ಲ. ಬ್ಯಾಟರಿಯ ಧನ ಮತ್ತು ಋಣ ಧ್ರುವಗಳನ್ನು ಕೇಬಲ್‌ನ ಎಳೆಗಳಿಗೆ ನೇರವಾಗಿ ಜೋಡಿಸುತ್ತಾರೆ. ಮಾರುಕಟ್ಟೆಯಲ್ಲಿ 'ಪ್ಯಾಸಿವ್ ಪಿಒಇ' ಎಂದು ದೊರೆಯುವ ಅಡಾಪ್ಟರ್‌ಗಳು ಸಾಮಾನ್ಯವಾಗಿ ನೀಲಿ ಜೋಡಿಯನ್ನು ಧನಕ್ಕೂ ಕಂದು ಜೋಡಿಯನ್ನು ಋಣಕ್ಕೂ ಬಳಸುತ್ತವೆ. ಮಾಹಿತಿಯ ಅಗತ್ಯವೇ ಇಲ್ಲದಿದ್ದರೆ ನಾಲ್ಕೂ ಜೋಡಿಗಳನ್ನು ವಿದ್ಯುತ್ತಿಗೇ ಬಳಸಬಹುದು: ಪ್ರತಿ ಜೋಡಿಯ ಪೂರ್ಣ ಬಣ್ಣದ ನಾಲ್ಕು ಎಳೆಗಳನ್ನು ಒಟ್ಟುಗೂಡಿಸಿ ಧನಕ್ಕೂ ಗೆರೆಯುಳ್ಳ ನಾಲ್ಕು ಬಿಳಿ ಎಳೆಗಳನ್ನು ಒಟ್ಟುಗೂಡಿಸಿ ಋಣಕ್ಕೂ ಜೋಡಿಸುವುದು ಸುಲಭವಾಗಿ ನೆನಪಿಡಬಹುದಾದ ಕ್ರಮ. ಹೀಗೆ ಮಾಡಿದ ಕೇಬಲ್‌ಗೆ ಗುರುತಿನ ಚೀಟಿ ಕಟ್ಟುವುದು ಅವಶ್ಯ. ಅದನ್ನು ಯಾರಾದರೂ ತಿಳಿಯದೆ ಕಂಪ್ಯೂಟರಿಗೆ ಚುಚ್ಚಿದರೆ ಯಂತ್ರ ಕೆಡಬಹುದು.

## ವೋಲ್ಟೇಜ್ ಇಳಿಕೆಯ ಲೆಕ್ಕ

ಓಮ್‌ನ ನಿಯಮದಂತೆ ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜ್ ವಿದ್ಯುತ್ ಪ್ರವಾಹ ಮತ್ತು ರೋಧಗಳ ಗುಣಲಬ್ಧಕ್ಕೆ ಸಮ. ವಿದ್ಯುತ್ತು ಹೋಗಿ ಹಿಂದಿರುಗಬೇಕಾದುದರಿಂದ ದೂರವನ್ನು ಇಮ್ಮಡಿಯಾಗಿ ಎಣಿಸಬೇಕು. ಇದನ್ನು ಮರೆಯುವುದೇ ಲೆಕ್ಕ ತಪ್ಪಲು ಸಾಮಾನ್ಯ ಕಾರಣ.

ಉದಾಹರಣೆಗೆ, ಬ್ಯಾಟರಿಯಿಂದ 30 ಮೀಟರ್ ದೂರದಲ್ಲಿ 10 ವ್ಯಾಟ್‌ನ ದೀಪವಿದೆ ಎಂದುಕೊಳ್ಳೋಣ.

* 12 ವೋಲ್ಟ್, ಒಂದು ಎಳೆ ಹೋಗಲು, ಒಂದು ಎಳೆ ಬರಲು: ತಂತಿಯ ಒಟ್ಟು ಉದ್ದ 60 ಮೀಟರ್; ರೋಧ ಸುಮಾರು 5 ಓಮ್. ದೀಪಕ್ಕೆ ಬೇಕಾದ ಪ್ರವಾಹ 0.83 ಆಂಪಿಯರ್. ಇಳಿಕೆ ಸುಮಾರು 4.2 ವೋಲ್ಟ್. ದೀಪಕ್ಕೆ ಉಳಿಯುವುದು 8 ವೋಲ್ಟ್‌ಗೂ ಕಡಿಮೆ.
* 12 ವೋಲ್ಟ್, ನಾಲ್ಕು ಎಳೆ ಹೋಗಲು, ನಾಲ್ಕು ಎಳೆ ಬರಲು: ರೋಧ ಸುಮಾರು 1.25 ಓಮ್. ಇಳಿಕೆ ಸುಮಾರು 1 ವೋಲ್ಟ್.
* 48 ವೋಲ್ಟ್, ಒಂದು ಎಳೆ ಹೋಗಲು, ಒಂದು ಎಳೆ ಬರಲು: ಪ್ರವಾಹ 0.21 ಆಂಪಿಯರ್. ಇಳಿಕೆ ಸುಮಾರು 1 ವೋಲ್ಟ್. ಅಂದರೆ ಶೇಕಡ 2ರ ಆಸುಪಾಸು.

ವೋಲ್ಟೇಜ್ ನಾಲ್ಕು ಪಟ್ಟು ಹೆಚ್ಚಿದರೆ ಪ್ರವಾಹವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತಂತಿಯಲ್ಲಿ ಶಾಖವಾಗುವ ವಿದ್ಯುತ್ತು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ ಅದು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಮೊದಲ ಜೋಡಣೆಯಲ್ಲಿ ತಂತಿಯಲ್ಲೇ ಸುಮಾರು 3.5 ವ್ಯಾಟ್ ವ್ಯರ್ಥವಾದರೆ ಮೂರನೆಯದರಲ್ಲಿ ವ್ಯರ್ಥವಾಗುವುದು ಸುಮಾರು 0.22 ವ್ಯಾಟ್.

ಮೊದಲ ಜೋಡಣೆಗೆ ಇನ್ನೊಂದು ಅಡ್ಡಿಯೂ ಇದೆ. ಚಾಲಕ ಮಂಡಲವುಳ್ಳ ಎಲ್‌ಇಡಿ ದೀಪಗಳು ವೋಲ್ಟೇಜ್ ಇಳಿದಾಗ ಅದನ್ನು ಸರಿದೂಗಿಸಲು ಹೆಚ್ಚು ಪ್ರವಾಹವನ್ನು ಸೆಳೆಯುತ್ತವೆ; ಪ್ರವಾಹ ಹೆಚ್ಚಿದಷ್ಟೂ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. 12 ವೋಲ್ಟ್‌ನ ಮೂಲದಿಂದ 5 ಓಮ್ ರೋಧದ ತಂತಿಯ ಮೂಲಕ ಗರಿಷ್ಠ 7.2 ವ್ಯಾಟ್ ಮಾತ್ರ ದಾಟಬಲ್ಲದು. ಆದ್ದರಿಂದ 10 ವ್ಯಾಟ್‌ನ ಅಂಥ ದೀಪ ಅಲ್ಲಿ ಮಿಣುಕುತ್ತದೆ ಅಥವಾ ಉರಿಯುವುದೇ ಇಲ್ಲ. ದೀಪ ಕೆಟ್ಟಿದೆಯೆಂದು ಬದಲಾಯಿಸಿದರೂ ಫಲವಿಲ್ಲ. ದೋಷವಿರುವುದು ದೀಪದಲ್ಲಲ್ಲ, ತಂತಿಯ ಲೆಕ್ಕದಲ್ಲಿ.

ದೀಪಗಳಿಗೆ ಇಳಿಕೆಯನ್ನು ಶೇಕಡ 5ರೊಳಗೆ ಇರಿಸುವುದು ಉತ್ತಮ. ಶೇಕಡ 10ನ್ನು ಮೀರಬಾರದು.

## ಕೇಬಲ್‌ನ ಆಯ್ಕೆ

ಮಾರುಕಟ್ಟೆಯ ಅಗ್ಗದ ಕೇಬಲ್‌ಗಳಲ್ಲಿ ಹಲವು ತಾಮ್ರದವಲ್ಲ. ಅಲ್ಯೂಮಿನಿಯಂ ಎಳೆಗೆ ತೆಳುವಾದ ತಾಮ್ರದ ಹೊದಿಕೆ ಕೊಟ್ಟವು. ಪೆಟ್ಟಿಗೆಯ ಮೇಲೆ ಇದನ್ನು 'ಸಿಸಿಎ' ಎಂದು ಸೂಚಿಸಿರುತ್ತಾರೆ. ಅಲ್ಯೂಮಿನಿಯಂನ ರೋಧಕತೆ ತಾಮ್ರದ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚು. ಇಂಥ ಎಳೆಗಳು ಬಾಗಿಸಿದಾಗ ಬೇಗ ತುಂಡಾಗುತ್ತವೆ. ಜೋಡಣೆಯ ಸ್ಥಳದಲ್ಲಿ ತುಕ್ಕು ಹಿಡಿದು ಬಿಸಿಯಾಗುತ್ತವೆ. ಪಿಒಇ ಬಳಕೆಗೆ ಇವು ಮಾನಕಗಳಿಗೆ ಅನುಗುಣವಾಗಿಲ್ಲ.

ಗುರುತಿಸುವ ಕ್ರಮಗಳು ಸರಳ. ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ. ತೂಕದಲ್ಲಿಯೂ ಅಂಥ ಸುರುಳಿ ಹಗುರ. ಹೆಚ್ಚು ಖಚಿತವಾದ ಕ್ರಮವೆಂದರೆ ಮಲ್ಟಿಮೀಟರ್‌ನಿಂದ ರೋಧವನ್ನು ಅಳೆಯುವುದು. ಪೂರ್ಣ ಸುರುಳಿಯ ಉದ್ದ ಸಾಮಾನ್ಯವಾಗಿ 305 ಮೀಟರ್. ಶುದ್ಧ ತಾಮ್ರದ ಒಂದು ಎಳೆ ಆ ಉದ್ದಕ್ಕೆ 25ರಿಂದ 29 ಓಮ್ ತೋರಿಸಬೇಕು. 40 ಓಮ್‌ಗಳ ಸುತ್ತಮುತ್ತ ತೋರಿಸಿದರೆ ಅದು ಅಲ್ಯೂಮಿನಿಯಂ ಎಂದು ತಿಳಿಯಬಹುದು.

ಬಯಲಿನಲ್ಲಿ ಎಳೆಯುವ ಕೇಬಲ್‌ಗೆ ಬಿಸಿಲನ್ನು ತಾಳುವ ಕಪ್ಪು ಹೊದಿಕೆ ಇರಬೇಕು. ಒಳಾಂಗಣದ ಬೂದು ಅಥವಾ ನೀಲಿ ಹೊದಿಕೆಯ ಕೇಬಲ್ ಬಿಸಿಲಿಗೆ ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಇಲಿ ಮತ್ತು ಅಳಿಲುಗಳ ಕಾಟವಿರುವೆಡೆ ಕೇಬಲ್ಲನ್ನು ಪೈಪಿನೊಳಗೆ ಸೇರಿಸುವುದು ಸೂಕ್ತ.

## ಸುರಕ್ಷತೆ

48 ವೋಲ್ಟ್‌ಗಳ ನೇರ ವಿದ್ಯುತ್ತು ಒಣಗಿದ ಚರ್ಮಕ್ಕೆ ತಗುಲಿದರೆ ಸಾಮಾನ್ಯವಾಗಿ ಪ್ರಾಣಾಪಾಯ ತರುವಷ್ಟಲ್ಲ. ಒದ್ದೆಯಾದ ಸ್ಥಳದಲ್ಲಿ ಈ ಮಾತು ಅನ್ವಯಿಸುವುದಿಲ್ಲ. ಇದಲ್ಲದೆ ಕಡಿಮೆ ವೋಲ್ಟೇಜ್ ಎಂದರೆ ಬೆಂಕಿಯ ಭಯವಿಲ್ಲ ಎಂದರ್ಥವಲ್ಲ. ಮುಖ್ಯ ಎಚ್ಚರಿಕೆಗಳು ಹೀಗಿವೆ:

* ಫ್ಯೂಸ್: ಬ್ಯಾಟರಿಯು ಶಾರ್ಟ್ ಸರ್ಕ್ಯೂಟ್ ಆದಾಗ ನೂರಾರು ಆಂಪಿಯರ್ ಹರಿಸಬಲ್ಲದು. ಪ್ರತಿ ಕೇಬಲ್‌ಗೂ ಬ್ಯಾಟರಿಯ ಸಮೀಪದಲ್ಲೇ ಪ್ರತ್ಯೇಕ ಫ್ಯೂಸ್ ಇರಬೇಕು. ಫ್ಯೂಸ್ ದೀಪದ ಪ್ರವಾಹಕ್ಕಿಂತ ತುಸುವೇ ಹೆಚ್ಚಿನದಾಗಿರಬೇಕು. ಮೇಲಿನ ಉದಾಹರಣೆಯ 5 ಓಮ್ ರೋಧದ ತಂತಿಯ ದೂರದ ತುದಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆದರೆ 12 ವೋಲ್ಟ್‌ನಲ್ಲಿ ಹರಿಯುವುದು 2.4 ಆಂಪಿಯರ್ ಮಾತ್ರ. ಅಲ್ಲಿ 5 ಆಂಪಿಯರ್‌ನ ಫ್ಯೂಸ್ ಹಾಕಿದ್ದರೆ ಅದು ಕರಗುವುದೇ ಇಲ್ಲ. ತಂತಿ ಬಿಸಿಯಾಗುತ್ತಲೇ ಇರುತ್ತದೆ.
* 230 ವೋಲ್ಟ್: ನೆಟ್‌ವರ್ಕ್ ಕೇಬಲ್‌ನಲ್ಲಿ ಮನೆಯ 230 ವೋಲ್ಟ್ ವಿದ್ಯುತ್ತನ್ನು ಎಂದಿಗೂ ಹರಿಸಬಾರದು. 230 ವೋಲ್ಟ್ ತಂತಿಯಿರುವ ಪೈಪಿನಲ್ಲಿ ಈ ಕೇಬಲ್ಲನ್ನು ಸೇರಿಸಬಾರದು. ನಿರೋಧಕ ಹೊದಿಕೆ ಕೆಟ್ಟಲ್ಲಿ ಅಪಾಯಕಾರಿ ವೋಲ್ಟೇಜ್ ಕಡಿಮೆ ವೋಲ್ಟೇಜಿನ ಭಾಗಕ್ಕೆ ದಾಟಬಹುದು.
* ಕಿಡಿ: ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕೆ ಬರುವುದರಿಂದ ಸ್ವಿಚ್ಚಿನ ಕಿಡಿ ತಾನಾಗಿ ಆರುತ್ತದೆ. ನೇರ ವಿದ್ಯುತ್ತಿನಲ್ಲಿ ಹಾಗಾಗುವುದಿಲ್ಲ. ನೇರ ವಿದ್ಯುತ್ತಿಗೆ ಸೂಕ್ತವಾದ ಸ್ವಿಚ್ಚನ್ನೇ ಬಳಸಬೇಕು. ದೀಪ ಉರಿಯುತ್ತಿರುವಾಗ ಕೇಬಲ್‌ನ ತುದಿಯನ್ನು ಕಳಚಬಾರದು.
* ಶಾಖ: ಹಲವು ಕೇಬಲ್‌ಗಳನ್ನು ಒತ್ತಾಗಿ ಕಟ್ಟಿದರೆ ನಡುವಿನವು ತಣಿಯಲಾರವು. ಕಟ್ಟುಗಳನ್ನು ಸಣ್ಣದಾಗಿ, ಸಡಿಲವಾಗಿ ಇಡಬೇಕು.
* ಸಿಡಿಲು: ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ಹಾದುಹೋಗುವ ಕೇಬಲ್ ಸಿಡಿಲಿನ ಪ್ರಭಾವಕ್ಕೆ ಒಳಗಾಗುತ್ತದೆ. ಗುಡುಗುಮಳೆಯ ಕಾಲದಲ್ಲಿ ಕಳಚಿಡುವ ಅನುಕೂಲವಾಗಲಿ, ಸರ್ಜ್ ರಕ್ಷಕವಾಗಲಿ ಇರಬೇಕು.
* ಧ್ರುವ: ಧನ ಮತ್ತು ಋಣಗಳು ಅದಲುಬದಲಾದರೆ ಎಲ್‌ಇಡಿ ದೀಪ ಉರಿಯುವುದಿಲ್ಲ, ಕೆಲವು ಕೆಟ್ಟುಹೋಗುತ್ತವೆ. 12 ವೋಲ್ಟ್‌ನ ದೀಪವನ್ನು ನೇರವಾಗಿ 48 ವೋಲ್ಟ್‌ಗೆ ಜೋಡಿಸಿದರೆ ಸುಟ್ಟುಹೋಗುತ್ತದೆ.

## ಅನುಕೂಲಗಳು ಮತ್ತು ಮಿತಿಗಳು

ಕಚೇರಿಗಳಲ್ಲಿ ಪಿಒಇ ದೀಪಗಳ ಮುಖ್ಯ ಅನುಕೂಲ ನಿಯಂತ್ರಣ. ಪ್ರತಿ ದೀಪಕ್ಕೂ ಜಾಲದಲ್ಲಿ ತನ್ನದೇ ವಿಳಾಸವಿರುವುದರಿಂದ ಬೆಳಕನ್ನು ಹೆಚ್ಚುಕಡಿಮೆ ಮಾಡುವುದು, ಜನರಿಲ್ಲದೆಡೆ ಆರಿಸುವುದು, ಬಳಕೆಯನ್ನು ಅಳೆಯುವುದು ಸಾಧ್ಯ. ಆಮ್‌ಸ್ಟರ್‌ಡ್ಯಾಮ್ ನಗರದ 'ದಿ ಎಡ್ಜ್' ಕಟ್ಟಡದ ಸಾವಿರಾರು ದೀಪಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಬ್ಯಾಟರಿಯಿರುವ ಮನೆಗಳಲ್ಲಿನ ಅನುಕೂಲ ಬೇರೆ ತೆರನಾದುದು. ಬ್ಯಾಟರಿಯ ನೇರ ವಿದ್ಯುತ್ತನ್ನು ಇನ್ವರ್ಟರ್ ಪರ್ಯಾಯ ವಿದ್ಯುತ್ತನ್ನಾಗಿಸುವುದು, ಅದನ್ನು ದೀಪದೊಳಗಿನ ಮಂಡಲವು ಮತ್ತೆ ನೇರ ವಿದ್ಯುತ್ತನ್ನಾಗಿಸುವುದು ಎಂಬ ಎರಡು ಪರಿವರ್ತನೆಗಳ ನಷ್ಟ ಇಲ್ಲಿ ತಪ್ಪುತ್ತದೆ. ಇನ್ವರ್ಟರ್ ಯಾವ ದೀಪವೂ ಉರಿಯದಿರುವಾಗಲೂ ಸ್ವಲ್ಪ ವಿದ್ಯುತ್ತನ್ನು ಸೇವಿಸುತ್ತಿರುತ್ತದೆ; ಆ ಖರ್ಚೂ ಉಳಿಯುತ್ತದೆ.

ಮಿತಿಗಳೂ ಸ್ಪಷ್ಟವಾಗಿವೆ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಂಪುಗಳಂಥ ಸಾಮಾನ್ಯ ಗೃಹೋಪಕರಣಗಳಿಗೆ ಈ ಕೇಬಲ್ ತಕ್ಕುದಲ್ಲ. ಅಲಂಕಾರಕ್ಕೆ ಬಳಸುವ 12 ವೋಲ್ಟ್‌ನ ಎಲ್‌ಇಡಿ ಪಟ್ಟಿಗಳಲ್ಲಿ ಕೆಲವು ಮೀಟರಿಗೆ 14 ವ್ಯಾಟ್‌ಗೂ ಹೆಚ್ಚು ಸೆಳೆಯುತ್ತವೆ. ಅಂಥ 5 ಮೀಟರ್ ಪಟ್ಟಿಗೆ ಸುಮಾರು 6 ಆಂಪಿಯರ್ ಬೇಕು. ಅದನ್ನು ನೆಟ್‌ವರ್ಕ್ ಕೇಬಲ್‌ನಿಂದ ಉರಿಸಬಾರದು. ಹಲವು ದೀಪಗಳು ಒಂದೇ ಪಿಒಇ ಸ್ವಿಚ್ಚನ್ನು ಅವಲಂಬಿಸಿದ್ದರೆ ಅದು ಕೆಟ್ಟೊಡನೆ ಎಲ್ಲವೂ ಆರುತ್ತವೆ. ಹೊಸದಾಗಿ ಖರೀದಿಸುವವರು ಕೇವಲ ದೀಪಕ್ಕಾಗಿ ನೆಟ್‌ವರ್ಕ್ ಕೇಬಲ್ ಕೊಳ್ಳುವ ಬದಲು ದಪ್ಪ ಎರಡೆಳೆಯ ತಂತಿಯನ್ನೇ ಕೊಳ್ಳುವುದು ಹಲವೆಡೆ ಲಾಭಕರ. ಕೇಬಲ್ ಈಗಾಗಲೇ ಇರುವಲ್ಲಿ, ಅಥವಾ ಕ್ಯಾಮೆರಾ, ವೈಫೈ ಮತ್ತು ದೀಪಗಳು ಒಟ್ಟಿಗೆ ಬೇಕಾದಲ್ಲಿ ಈ ವಿಧಾನಕ್ಕೆ ಹೆಚ್ಚು ಅರ್ಥವಿದೆ.

## ಭಾರತ ಮತ್ತು ಕರ್ನಾಟಕದಲ್ಲಿ

ಭಾರತದಲ್ಲಿ ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಿನ ದೀಪಗಳು ಸೌರಶಕ್ತಿಯ ಜೊತೆಯಲ್ಲೇ ಹಳ್ಳಿಗಳನ್ನು ತಲಪಿದವು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಬೆಂಗಳೂರಿನ ಸೆಲ್ಕೊ ಸಂಸ್ಥೆಯು ಕರ್ನಾಟಕದ ಗ್ರಾಮೀಣ ಮನೆಗಳಿಗೆ ಬ್ಯಾಂಕ್ ಸಾಲದ ನೆರವಿನೊಡನೆ ಸೌರದೀಪಗಳನ್ನು ಒದಗಿಸಿತು. ಹಂದೆ ಅವರಿಗೆ 2011ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಇಂಥ ಗೃಹದೀಪ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್ ಬ್ಯಾಟರಿ. ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಅಶೋಕ್ ಝುಂಝುನ್‌ವಾಲಾ ಮತ್ತು ಸಹೋದ್ಯೋಗಿಗಳು ಇನ್ವರ್ಟರ್ ಇಲ್ಲದ 48 ವೋಲ್ಟ್‌ಗಳ ಮನೆವಿದ್ಯುತ್ ವ್ಯವಸ್ಥೆಯನ್ನು ರೂಪಿಸಿದರು. 48 ವೋಲ್ಟ್‌ಗಳ ನೇರ ವಿದ್ಯುತ್ ವಿತರಣೆಗೆ ಭಾರತೀಯ ಮಾನಕ ಬ್ಯೂರೊ 2017ರಲ್ಲಿ ಐಎಸ್ 16711 ಎಂಬ ಮಾನಕವನ್ನು ಹೊರಡಿಸಿತು.

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಇದರ ನಿವೇಶನವನ್ನು ರೈತರ ಜಮೀನನ್ನು ಗುತ್ತಿಗೆಗೆ ಪಡೆದು ರೂಪಿಸಲಾಯಿತು. ಇಲ್ಲಿನ ಫಲಕಗಳಲ್ಲಿ ಹುಟ್ಟುವುದು ನೇರ ವಿದ್ಯುತ್ತು. ಅದನ್ನು ಪರ್ಯಾಯ ವಿದ್ಯುತ್ತನ್ನಾಗಿ ಮಾರ್ಪಡಿಸಿ, 220 ಮತ್ತು 400 ಕಿಲೋವೋಲ್ಟ್‌ಗಳಿಗೆ ಏರಿಸಿ ದೂರದ ಊರುಗಳಿಗೆ ಕಳುಹಿಸುತ್ತಾರೆ. ತೋಟದ ಮನೆಯ 30 ಮೀಟರ್ ಕೇಬಲ್‌ಗೆ 12ರ ಬದಲು 48 ವೋಲ್ಟ್ ಮೇಲೆಂಬ ಲೆಕ್ಕವೂ ಪಾವಗಡದಿಂದ ಹೊರಡುವ ದೈತ್ಯ ಗೋಪುರಗಳ ಮಾರ್ಗದ ಲೆಕ್ಕವೂ ಒಂದೇ: ವೋಲ್ಟೇಜ್ ಏರಿದಷ್ಟೂ ಪ್ರವಾಹ ಇಳಿಯುತ್ತದೆ, ನಷ್ಟ ತಗ್ಗುತ್ತದೆ.

## ಬುಕ್ಕಾಪಟ್ಟಣ ಪರಿಸರಕ್ಕೆ ಅನ್ವಯ

ಬುಕ್ಕಾಪಟ್ಟಣವು ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಈ ಸೀಮೆ ಸೌರಶಕ್ತಿಗೆ ಅನುಕೂಲವಾದುದು. ರಾಜ್ಯದ 'ನಿರಂತರ ಜ್ಯೋತಿ' ಯೋಜನೆಯು ಊರಿನ ವಿದ್ಯುತ್ ಮಾರ್ಗವನ್ನು ಪಂಪ್‌ಸೆಟ್‌ಗಳ ಮಾರ್ಗದಿಂದ ಬೇರ್ಪಡಿಸಿತು. ಇದರಿಂದ ಊರೊಳಗಿನ ಮನೆಗಳಿಗೆ ಪ್ರಯೋಜನವಾಯಿತು. ಊರ ಹೊರಗೆ ಪಂಪ್‌ಸೆಟ್ ಮಾರ್ಗವನ್ನೇ ಅವಲಂಬಿಸಿದ ತೋಟದ ಮನೆಗಳಿಗೆ ರಾತ್ರಿಯ ಬೆಳಕಿನ ಪ್ರಶ್ನೆ ಉಳಿಯಿತು. ರಾತ್ರಿ ದನಗಳನ್ನು ನೋಡಲು ಕೊಟ್ಟಿಗೆಗೆ ಹೋಗುವವರಿಗೂ ದೀಪದ ಕೆಳಗೆ ಪರೀಕ್ಷೆಗೆ ಓದುವ ಮಕ್ಕಳಿಗೂ 5 ವ್ಯಾಟ್‌ನ ನಂಬಿಗಸ್ತ ಬೆಳಕು ಸಣ್ಣ ವಿಷಯವಲ್ಲ.

ಇಂಥ ತೋಟದ ಮನೆಯೊಂದರ ಬ್ಯಾಟರಿಯಿಂದ ಕೊಟ್ಟಿಗೆ 15 ಮೀಟರ್, ಪಂಪ್ ಕೊಠಡಿ 60 ಮೀಟರ್ ದೂರದಲ್ಲಿವೆ, ಎರಡಕ್ಕೂ 5 ವ್ಯಾಟ್‌ನ ದೀಪ ಬೇಕು ಎಂದು ಭಾವಿಸಿದರೆ ಲೆಕ್ಕ ಹೀಗಾಗುತ್ತದೆ. 12 ವೋಲ್ಟ್‌ನಲ್ಲಿ ಪ್ರತಿ ದೀಪಕ್ಕೆ ಬೇಕಾದ ಪ್ರವಾಹ ಸುಮಾರು 0.42 ಆಂಪಿಯರ್. ಎಂಟೂ ಎಳೆಗಳನ್ನು ಬಳಸಿದರೆ ಕೊಟ್ಟಿಗೆಯವರೆಗಿನ ರೋಧ ಸುಮಾರು 0.63 ಓಮ್, ಇಳಿಕೆ ಸುಮಾರು 0.26 ವೋಲ್ಟ್. ಇದು ಯಾವ ತೊಂದರೆಯೂ ಇಲ್ಲದ ಇಳಿಕೆ. ಪಂಪ್ ಕೊಠಡಿಯವರೆಗಿನ ರೋಧ ಸುಮಾರು 2.5 ಓಮ್, ಇಳಿಕೆ 1 ವೋಲ್ಟ್‌ಗಿಂತ ತುಸು ಹೆಚ್ಚು, ಅಂದರೆ ಶೇಕಡ 9ರ ಸಮೀಪ. ದೀಪ ಉರಿಯುತ್ತದೆ, ಆದರೆ ಬ್ಯಾಟರಿ ಇಳಿದಾಗ ಮಂಕಾಗಬಹುದು. 24 ವೋಲ್ಟ್ ಬಳಸಿದರೆ ಅದೇ ಇಳಿಕೆ ಸುಮಾರು ಅರ್ಧ ವೋಲ್ಟ್‌ಗೆ, ಶೇಕಡ 2ರ ಆಸುಪಾಸಿಗೆ ಬರುತ್ತದೆ. ಹೀಗೆ ಕೊಟ್ಟಿಗೆಗೆ 12 ವೋಲ್ಟ್ ಸಾಕು. ಪಂಪ್ ಕೊಠಡಿಗೆ 24 ಅಥವಾ 48 ವೋಲ್ಟ್ ಬೇಕು.

## ಶಾಲೆಯಲ್ಲಿ ಪ್ರಯೋಗ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಬರುವ ಓಮ್‌ನ ನಿಯಮ ಮತ್ತು ಜೌಲ್‌ನ ನಿಯಮಗಳನ್ನು ಈ ವಿಷಯದ ಮೂಲಕ ಪ್ರಾಯೋಗಿಕವಾಗಿ ತೋರಿಸಬಹುದು. ಬೇಕಾದ ಸಾಮಗ್ರಿಗಳು: 12 ವೋಲ್ಟ್‌ನ ಚಿಕ್ಕ ಬ್ಯಾಟರಿ, 1 ಆಂಪಿಯರ್ ಫ್ಯೂಸ್, 12 ವೋಲ್ಟ್‌ನ 5 ವ್ಯಾಟ್ ದೀಪ, 30 ಮೀಟರ್ ನೆಟ್‌ವರ್ಕ್ ಕೇಬಲ್ ಮತ್ತು ಮಲ್ಟಿಮೀಟರ್.

1. ದೀಪವನ್ನು ಫ್ಯೂಸ್ ಮೂಲಕ ಬ್ಯಾಟರಿಗೆ ನೇರವಾಗಿ ಜೋಡಿಸಿ ದೀಪದ ತುದಿಗಳಲ್ಲಿನ ವೋಲ್ಟೇಜನ್ನು ಬರೆದುಕೊಳ್ಳಬೇಕು.
2. ನಡುವೆ ಕೇಬಲ್‌ನ ಒಂದು ಜೋಡಿಯನ್ನು ಸೇರಿಸಿ ದೀಪದ ತುದಿಗಳಲ್ಲಿ ಮತ್ತೆ ಅಳೆಯಬೇಕು.
3. ಎರಡು, ಮೂರು, ನಾಲ್ಕು ಜೋಡಿಗಳನ್ನು ಸಮಾಂತರವಾಗಿ ಸೇರಿಸುತ್ತ ಪ್ರತಿ ಬಾರಿಯೂ ಅಳೆಯಬೇಕು.
4. ಪ್ರವಾಹವನ್ನೂ ಅಳೆದು, ಇಳಿಕೆಯನ್ನು ಪ್ರವಾಹದಿಂದ ಭಾಗಿಸಿ ತಂತಿಯ ರೋಧವನ್ನು ಕಂಡುಹಿಡಿಯಬೇಕು.

ಒಂದು ಜೋಡಿಗೆ ಉತ್ತರ 5 ಓಮ್‌ಗಳ ಸಮೀಪ ಬಂದರೆ ಕೇಬಲ್ ಶುದ್ಧ ತಾಮ್ರದ್ದು. 8 ಓಮ್‌ಗಳ ಸಮೀಪ ಬಂದರೆ ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ಜೋಡಿಗಳ ಸಂಖ್ಯೆ ಹೆಚ್ಚಿದಂತೆ ರೋಧವು ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು. ಸಮಾಂತರ ಜೋಡಣೆಯ ಪಾಠಕ್ಕೂ ಇದೇ ಪ್ರಯೋಗ ಸಾಕಾಗುತ್ತದೆ.